ಬಿಎಫ್‌ಸಿಗೆ ಇನ್ನೊಬ್ಬ ಫಾರಿನ್ ಡಿಫೆಂಡರ್ ಬೇಕೇ?

ದಾವಣಗೆರೆಯಲ್ಲಿ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ನೀಲಿ ಜರ್ಸಿ ಹಾಕಿ ಓಡಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಏನ್ರೀ, ನಿಮ್ಮ ಟೀಮು ಮುಂದಿದ್ದೂ ಕೊನೆಗೆ ಸೋಲ್ತದಲ್ಲ, ಒಬ್ಬ ಗಟ್ಟಿ ಫಾರಿನ್ ಡಿಫೆಂಡರ್‌ನ ತಗೋಬಾರ್ದಾ?" ಕೇಳುವವರ ಮನಸ್ಸಿನಲ್ಲಿರುವುದು 2025ರ ಏಪ್ರಿಲ್ 12ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ನ ಆಲ್ಬರ್ಟೊ ರೊಡ್ರಿಗಸ್ ತಮ್ಮದೇ ಬಲೆಗೆ ಚೆಂಡು ಸೇರಿಸಿದ್ದರಿಂದ 49ನೇ ನಿಮಿಷಕ್ಕೆ ನಾವು ಮುಂದಾದೆವು. 72ರಲ್ಲಿ ಜೇಸನ್ ಕಮಿಂಗ್ಸ್ ಪೆನಾಲ್ಟಿ ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿಯ 96ನೇ ನಿಮಿಷಕ್ಕೆ ಜೇಮಿ ಮೆಕ್ಲಾರೆನ್ ಗೋಲು ಹೊಡೆದರು, ಕಪ್ ಕೈತಪ್ಪಿತು.

ನನ್ನ ಉತ್ತರ: ಬೇಡ. ವಿದೇಶಿ ಆಟಗಾರನ ಜಾಗವೊಂದು ಖಾಲಿಯಾದರೆ ಅದನ್ನು ಡಿಫೆಂಡರ್‌ಗಳ ಮುಂದೆ ನಿಲ್ಲುವ ಮಿಡ್‌ಫೀಲ್ಡರ್‌ಗೆ ಕೊಡಬೇಕು.

ಮೊದಲು ಲೆಕ್ಕ ನೋಡಿ. 2024-25ರ ಐಎಸ್‌ಎಲ್ ನಿಯಮದಂತೆ ತಂಡದಲ್ಲಿ ವಿದೇಶಿಯರು ಹೆಚ್ಚೆಂದರೆ ಆರು ಜನ, ಮೈದಾನದಲ್ಲಿ ಒಮ್ಮೆಗೆ ನಾಲ್ವರು. ಆಗ ನಮ್ಮ ಆರು ಮಂದಿ: ಅಲೆಕ್ಸಾಂಡರ್ ಯೊವಾನೊವಿಚ್, ಪೆದ್ರೊ ಕಾಪೊ, ಆಲ್ಬರ್ಟೊ ನೊಗ್ವೆರಾ, ಎಡ್ಗರ್ ಮೆಂಡೆಸ್, ಹೊರ್ಹೆ ಪೆರೇರಾ ಡಿಯಾಸ್ ಮತ್ತು ಆಗಿನ್ನೂ ವಿದೇಶಿ ಲೆಕ್ಕದಲ್ಲಿದ್ದ ರಯಾನ್ ವಿಲಿಯಮ್ಸ್. ಯೊವಾನೊವಿಚ್ ಸೆಂಟರ್ ಬ್ಯಾಕ್, ಅಂದರೆ ನಡುವಿನ ಡಿಫೆಂಡರ್, ಆಗಿ ಆಡಿದರೆ ಉಳಿದ ಐವರಿಗೆ ಮೂರೇ ಜಾಗ. ಇನ್ನೊಬ್ಬ ವಿದೇಶಿ ಸೆಂಟರ್ ಬ್ಯಾಕ್ ಬಂದರೆ ನಡು ಮತ್ತು ಮುಂಭಾಗ ಸೇರಿ ಇಬ್ಬರಷ್ಟೇ. ಅತ್ತ ನಮ್ಮ ಭಾರತೀಯ ಡಿಫೆಂಡರ್‌ಗಳಾದ ರಾಹುಲ್ ಭೇಕೆ, ಚಿಂಗ್ಲೆನ್ಸನಾ ಸಿಂಗ್ ಇಬ್ಬರೂ ಭಾರತ ತಂಡಕ್ಕೆ ಆಡಿದವರು. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ 117ನೇ ನಿಮಿಷಕ್ಕೆ ತಲೆಯಿಂದ ಗೋಲು ಹೊಡೆದು ಕಪ್ ತಂದುಕೊಟ್ಟವರು ಇದೇ ಭೇಕೆ. ಇಂಥ ಜೋಡಿಯನ್ನು ಬೆಂಚಿನಲ್ಲಿ ಕೂರಿಸಿ ನಡುಭಾಗ ಬಡವಾಗಿಸುವುದು ನಷ್ಟದ ವ್ಯಾಪಾರ.

ಇದೇ ಪಟ್ಟಿಯ ಆಟಗಾರರು ಆ ಸೀಸನ್ನಿನ ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಮೋಹನ್ ಬಾಗಾನ್‌ಗೇ 3-0 ಹೊಡೆದರು. ನವೆಂಬರಿನಲ್ಲಿ ಗೋವಾಕ್ಕೆ ಹೋಗಿ 0-3 ಸೋತರು. ಮಾರ್ಚಿನಲ್ಲಿ ಮುಂಬೈಗೆ 5-0 ಹೊಡೆದರು. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಗೋವಾಕ್ಕೆ 2-0 ಹೊಡೆದರು, ಎರಡನೆಯದರಲ್ಲಿ ಆ ಎರಡೂ ಗೋಲು ವಾಪಸ್, ಕೊನೆಗೆ ಸುನಿಲ್ ಛೆಟ್ರಿ ಇಂಜುರಿ ಟೈಮಿನಲ್ಲಿ ಗೋಲು ಹೊಡೆದು ಉಳಿಸಿದರು. ಜನ ಅವರೇ. ಬದಲಾಗುತ್ತಿದ್ದದ್ದು ಚೆಂಡು ಕಳೆದುಕೊಂಡ ಕ್ಷಣದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದು.

ನಮ್ಮ ಎಡ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ನಾವೊರೆಮ್ ರೋಷನ್ ಸಿಂಗ್ ಮೂಲತಃ ವಿಂಗರ್, ಅಂದರೆ ಅಂಚಿನಿಂದ ದಾಳಿ ಮಾಡುವವರು. ಎಡಗಡೆಯಿಂದ ಮೇಲೇರಿ ಗೋಲಿನ ಮುಂದಕ್ಕೆ ಅವರು ಹಾಕುವ ಕ್ರಾಸ್ ನಮ್ಮ ದೊಡ್ಡ ಅಸ್ತ್ರ, ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಅವರು ಏರಿದಾಗ ಬಲಗಡೆಯ ಫುಲ್ ಬ್ಯಾಕ್ ಕೂಡ ಏರಿದರೆ ಹಿಂದೆ ಉಳಿಯುವುದು ಇಬ್ಬರೇ ಸೆಂಟರ್ ಬ್ಯಾಕ್. ಚೆಂಡು ಹೋಯಿತೆನ್ನಿ. ಎದುರಾಳಿ ರೋಷನ್ ಬಿಟ್ಟ ಜಾಗಕ್ಕೆ ಉದ್ದ ಪಾಸ್ ಹಾಕುತ್ತಾನೆ. ಎಡ ಸೆಂಟರ್ ಬ್ಯಾಕ್ ಪಕ್ಕದ ಗೆರೆಯ ಕಡೆ ಓಡಲೇಬೇಕು. ನಡುವೆ ಇನ್ನೊಬ್ಬ ಒಂಟಿ. ಕಬಡ್ಡಿಯಲ್ಲಿ ಕಾರ್ನರ್ ಆಟಗಾರ ಅವಸರಪಟ್ಟು ನುಗ್ಗಿ ಜೊತೆಗಾರನ ಕೈ ಬಿಟ್ಟರೆ ರೈಡರ್‌ಗೆ ದಾರಿ ಸಿಗುವ ಹಾಗೆಯೇ ಇದು. ಇಂಥ ಗೋಲಿಗೆ ಒಂಟಿಯಾದವನನ್ನು ಬೈಯುತ್ತೇವೆ, ತಪ್ಪು ನಲವತ್ತು ಮೀಟರ್ ಆಚೆ ಆಗಿರುತ್ತದೆ.

ಸರಿಯಾದ ಕ್ರಮ ಹೀಗೆ. ಎಡ ಏರಿದರೆ ಬಲ ನಿಲ್ಲಬೇಕು, ಹಿಂದೆ ಮೂವರ ಸಾಲು ಆಗಬೇಕು. ಅವರ ಮುಂದೆ ಎಂಟು-ಹತ್ತು ಮೀಟರಿನಲ್ಲಿ ಕಾಪೊ ತರಹದ ಮಿಡ್‌ಫೀಲ್ಡರೊಬ್ಬರು, ಹತ್ತಿರದಲ್ಲೇ ನಮ್ಮ ಇನ್ನೊಬ್ಬ ಮಿಡ್‌ಫೀಲ್ಡರ್ ಸುರೇಶ್ ಸಿಂಗ್. ಚೆಂಡು ಕಳೆದ ಮೊದಲ ಐದಾರು ಸೆಕೆಂಡು ಹತ್ತಿರದ ಮೂವರು ಮುತ್ತಿಗೆ ಹಾಕಬೇಕು. ಸಿಗಲಿಲ್ಲವೋ, ಎಲ್ಲರೂ ಒಟ್ಟಿಗೆ ಹಿಂದೆ ಸರಿಯಬೇಕು. ಕೆಡುವುದು ಅರ್ಧ ಜನ ಮುತ್ತಿ ಅರ್ಧ ಜನ ಹಿಂದೆ ಓಡಿದಾಗ. ಆಗ ಡಿಫೆಂಡರ್ ಸಾಲಿಗೂ ಮಿಡ್‌ಫೀಲ್ಡ್ ಸಾಲಿಗೂ ನಡುವೆ ಹತ್ತು-ಹದಿನೈದು ಮೀಟರ್ ಇರಬೇಕಾದದ್ದು ಇಪ್ಪತ್ತೈದು ದಾಟುತ್ತದೆ. ಎದುರಾಳಿಯ ಒಳ್ಳೆಯ ಆಟಗಾರ ಅಲ್ಲಿ ಚೆಂಡು ಪಡೆದು ಗೋಲಿನ ಕಡೆ ತಿರುಗಲು ಅಷ್ಟು ಸಾಕು.

ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ನಾಲ್ವರು ಡಿಫೆಂಡರ್‌ಗಳು ಆ ಅಗಲವನ್ನು ಹಂಚಿಕೊಂಡರೆ ತಲೆಗೆ 17 ಮೀಟರ್, ಯಾರೂ ಯಾರ ನೆರವಿಗೂ ಬರಲಾರರು. ಅದಕ್ಕೇ ಚೆಂಡಿದ್ದ ಕಡೆ ಸರಿದು ಒಬ್ಬರಿಗೊಬ್ಬರು ಎಂಟು-ಹತ್ತು ಮೀಟರಿನಲ್ಲಿರಬೇಕು, ಆಚೆ ಗೆರೆಯನ್ನು ಧೈರ್ಯವಾಗಿ ಖಾಲಿ ಬಿಡಬೇಕು. ಆ ಕಡೆಗೆ ಎತ್ತಿ ಹಾಕಿದ ಚೆಂಡು ಗಾಳಿಯಲ್ಲಿರುವಷ್ಟು ಹೊತ್ತು ಸರಿಯಲು ಸಮಯ ಸಿಗುತ್ತದೆ.

ಇನ್ನು ಮುಂದಿದ್ದಾಗ ಸೋಲುವ ವಿಷಯ. ಒಂದು ಗೋಲಿನ ಮುನ್ನಡೆ ಸಿಕ್ಕ ಕೂಡಲೇ ಸಾಲು ತಾನಾಗಿ ಜಾರಿ 16.5 ಮೀಟರಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ಬಂದು ನಿಲ್ಲುತ್ತದೆ. ತಲೆಯಿಂದ ಹೊರದಬ್ಬಿದ ಚೆಂಡು ಪೆಟ್ಟಿಗೆಯ ಅಂಚಿಗೆ ಬೀಳುತ್ತದೆ, ಅಲ್ಲಿ ನಮ್ಮವರಿಲ್ಲ, ಮತ್ತೆ ಒಳಗೆ ಬರುತ್ತದೆ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಎಷ್ಟೇ ಎತ್ತರವಿರಲಿ, ಎದುರಿಗೆ ಎಂಟು-ಹತ್ತು ಜನ ಗುಂಪುಗೂಡಿದ್ದರೆ ಮುಂದೆ ಬಂದು ಕ್ರಾಸ್ ಹಿಡಿಯಲು ದಾರಿಯಿರುವುದಿಲ್ಲ. ಅಂಥ ಗುಂಪಿನಲ್ಲಿ ಚೆಂಡು ಯಾರ ಕೈಗಾದರೂ ತಾಗಬಹುದು. ಫೈನಲ್‌ನ ಪೆನಾಲ್ಟಿಯೂ ಕೈಗೆ ತಾಗಿದ ಚೆಂಡಿನದೇ. ಅಂಚಿನಲ್ಲಿ ಬಿದ್ದ ಚೆಂಡನ್ನು ಮೊದಲು ಮುಟ್ಟುವವನೊಬ್ಬ, ನಾನು ಕೇಳುತ್ತಿರುವ ಮಿಡ್‌ಫೀಲ್ಡರ್ ಅವನು.

ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಇರುವುದರಿಂದ ಇದು ಕಾಣುವುದು ಕಷ್ಟ. ನಮ್ಮೂರಿಂದ ಸುಮಾರು 260 ಕಿಲೋಮೀಟರ್ ದೂರದ ಕಂಠೀರವಕ್ಕೆ ಹೋಗುವವರು ಮೇಲಿನ ಸಾಲಿನಲ್ಲಿ ಕೂತರೆ ಇಡೀ ಸಾಲು ಸರಿಯುವುದು ಕಾಣುತ್ತದೆ. ಮನೆಯಲ್ಲಿ ನೋಡುವವರು ಚೆಂಡು ಕಳೆದ ಕ್ಷಣಕ್ಕೆ ಚಿತ್ರ ನಿಲ್ಲಿಸಿ, ಗೋಲ್‌ಕೀಪರನ್ನು ಬಿಟ್ಟು ಚೆಂಡಿಗೂ ನಮ್ಮ ಗೋಲಿಗೂ ನಡುವೆ ನಮ್ಮವರೆಷ್ಟು ಎಂದು ಎಣಿಸಿ. ಐವರಿದ್ದರೆ ನೆಮ್ಮದಿ, ಮೂವರಾದರೆ ಅಪಾಯ.

ಹೈಸ್ಕೂಲ್ ಮೈದಾನದಲ್ಲಿ ಹುಡುಗರಿಗೆ ಕಲಿಸುವವರೂ ಇದನ್ನು ಮಾಡಿಸಬಹುದು. ಎಂಟು ಮೀಟರಿನ ಮೂರು ಹಗ್ಗ ತಂದು ನಾಲ್ವರು ಡಿಫೆಂಡರ್‌ಗಳು ತುದಿಗಳನ್ನು ಕೈಯಲ್ಲಿ ಹಿಡಿಯಲಿ. ಸೊಂಟಕ್ಕೆ ಕಟ್ಟಬೇಡಿ, ಒಬ್ಬ ಬಿದ್ದರೆ ನಾಲ್ವರೂ ಬೀಳುತ್ತಾರೆ. ಎದುರಿಗೆ ಐವರು ಚೆಂಡನ್ನು ಆಚೀಚೆ ನಿಧಾನವಾಗಿ ಪಾಸ್ ಮಾಡಲಿ, ಹಗ್ಗ ಜೋಲು ಬೀಳದಂತೆ, ಕೈಯಿಂದ ಕಿತ್ತು ಹೋಗದಂತೆ ಸಾಲು ಸರಿಯಲಿ. ಹತ್ತು ನಿಮಿಷ ಸಾಕು, ಆಮೇಲೆ ಹಗ್ಗ ತೆಗೆದು ಅದನ್ನೇ ಮಾಡಿಸಿ.

ಬದಲಿ ಆಟಗಾರರ ವಿಚಾರದಲ್ಲೂ ನನ್ನ ಆಗ್ರಹವೊಂದಿದೆ. ಐದು ಬದಲಾವಣೆ ಮಾಡಬಹುದು, ಆದರೆ ಆಟದ ನಡುವೆ ಮೂರೇ ಸಲ ನಿಲ್ಲಿಸಿ ಮಾಡಬೇಕು. ಮುನ್ನಡೆಯಿದ್ದಾಗ ಮೊದಲ ಬದಲಾವಣೆ ಸ್ಟ್ರೈಕರ್‌ಗೆ ಹೋಗುವುದು ವಾಡಿಕೆ. ಅದರ ಬದಲು ಅತಿ ಹೆಚ್ಚು ಮೇಲೆ-ಕೆಳಗೆ ಓಡಿದ ಫುಲ್ ಬ್ಯಾಕನ್ನು 65ರಿಂದ 70ನೇ ನಿಮಿಷದೊಳಗೆ ಬದಲಿಸಿ, ಅದೇ ನಿಲುಗಡೆಯಲ್ಲಿ ಒಬ್ಬ ಮಿಡ್‌ಫೀಲ್ಡರನ್ನೂ ಇಳಿಸಬೇಕು. ದಣಿದ ಫುಲ್ ಬ್ಯಾಕ್ ಎರಡು ಹೆಜ್ಜೆ ತಡವಾದರೂ ಸಾಕು, ಕ್ರಾಸ್ ಬಂದೇ ಬರುತ್ತದೆ.