ಕೆನೆಗೆ ಜಾತಿಪತ್ರವಿಲ್ಲ

ನಾವು ಓಹಾಯೋ ರಾಜ್ಯದ ಕೊಲಂಬಸ್ ನಗರಕ್ಕೆ ಬಂದು ಒಂಬತ್ತು ವರ್ಷಗಳಾಗಿದ್ದವು. ಮಗಳು ಬೆಕ್ಕು ಬೇಕೆಂದು ಹಟ ಹಿಡಿದು ಐದು ವರ್ಷಗಳಾಗಿದ್ದವು. ಜನವರಿಯ ಒಂದು ಶನಿವಾರ, ಹೊರಗೆ ಹಿಮ ಗಟ್ಟಿಯಾಗಿ ಬಿದ್ದಿದ್ದಾಗ, ಸುಮ್ಮನೆ ನೋಡಿಕೊಂಡು ಬರೋಣವೆಂದು ಅನಾಥ ಪ್ರಾಣಿಗಳ ಶೆಲ್ಟರಿಗೆ ಹೋದೆವು. ಸುಮ್ಮನೆ ನೋಡಿಕೊಂಡು ಬರುವುದು ಸೀರೆಯಂಗಡಿಯಲ್ಲಿ ಹೇಗೆ ಸಾಧ್ಯವಿಲ್ಲವೋ ಶೆಲ್ಟರಿನಲ್ಲಿಯೂ ಹಾಗೆಯೇ ಸಾಧ್ಯವಿಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಕೆಳಸಾಲಿನ ಗೂಡೊಂದರಲ್ಲಿ ಅದು ನಮಗೆ ಬೆನ್ನು ಮಾಡಿ ಕುಳಿತಿತ್ತು. ಮೈ ಹಾಲಿನ ಕೆನೆಯ ಬಣ್ಣ. ಕಿವಿ, ಬಾಲ ಮತ್ತು ಮೊಗದ ನಡುಭಾಗ ಬೂದು. ತಿರುಗಿ ನೋಡಿದಾಗ ಕಣ್ಣುಗಳು ತಿಳಿನೀಲಿ. ನಾಲ್ಕೂ ಪಾದಗಳಿಗೆ ಮಾತ್ರ ಯಾರೋ ಬಿಳಿಯ ಕಾಲುಚೀಲ ತೊಡಿಸಿದಂತಿತ್ತು. ಗೂಡಿನ ಚೀಟಿಯಲ್ಲಿ ಹೆಣ್ಣು, ಸುಮಾರು ಮೂರು ವರ್ಷ, ಸಯಾಮೀಸ್ ಮಿಶ್ರತಳಿ ಎಂದು ಅಚ್ಚಾಗಿತ್ತು. ಅದರ ಕೆಳಗೆ ಪೆನ್ನಿನಲ್ಲಿ, ತುಂಬಾ ಅಂಜುತ್ತದೆ, ಒಮ್ಮೆ ಒಯ್ದವರು ವಾಪಸು ತಂದುಬಿಟ್ಟಿದ್ದಾರೆ, ಎಂದು ಬರೆದಿತ್ತು. ಎರಡು ವಾರ ಮಂಚದ ಕೆಳಗಿನಿಂದ ಹೊರಬರಲೇ ಇಲ್ಲವೆಂಬುದು ಅವರ ದೂರಂತೆ.

ಅಲ್ಲಿ ನಿಂತಾಗ ನನಗೆ ನೆನಪಾದದ್ದು ತೆನಾಲಿ ರಾಮಕೃಷ್ಣನ ಬೆಕ್ಕು. ಕೃಷ್ಣದೇವರಾಯ ಮನೆಮನೆಗೆ ಬೆಕ್ಕಿನ ಮರಿ ಮತ್ತು ಅದಕ್ಕೆ ಹಾಲೂಡಲು ಹಸುವನ್ನು ಕೊಟ್ಟು, ಕೆಲವು ತಿಂಗಳ ನಂತರ ಎಲ್ಲ ಬೆಕ್ಕುಗಳನ್ನೂ ತರಿಸಿ ನೋಡಿದ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಯೋಚಿಸಿದರೆ ಅದೂ ಒಂದು ಬೆಕ್ಕಿನ ಪ್ರದರ್ಶನವೇ. ಉಳಿದವರ ಬೆಕ್ಕುಗಳೆಲ್ಲ ಕೊಬ್ಬಿ ಬಂದರೆ ರಾಮಕೃಷ್ಣನ ಬೆಕ್ಕು ಹಾಲಿನ ಬಟ್ಟಲು ಕಂಡೊಡನೆ ಓಡಿತು ಎಂದು ಅಜ್ಜಿ ಹೇಳುತ್ತಿದ್ದಾಗ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅದರ ಬಾಯಿ ಸುಟ್ಟಿತ್ತೆಂಬುದು ಆ ನಗುವಿನಲ್ಲಿ ನಮಗೆ ಕೇಳಿಸುತ್ತಲೇ ಇರಲಿಲ್ಲ. ಈ ಬೆಕ್ಕಿಗೆ ಬಿಸಿಹಾಲು ಕುಡಿಸಿದವರು ಯಾರೋ, ಚೀಟಿಯಲ್ಲಿ ಅದರ ಸುಳಿವಿರಲಿಲ್ಲ.

ಕಾಗದಪತ್ರ ಮುಗಿಯಲು ಒಂದು ತಾಸು ಹಿಡಿಯಿತು. ರೇಬೀಸ್ ಲಸಿಕೆ ಆಗಿತ್ತು, ಬೆಕ್ಕುಗಳ ರಕ್ತಕ್ಯಾನ್ಸರ್ ವೈರಸ್ಸಿನ ಪರೀಕ್ಷೆ ಆಗಿತ್ತು, ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಕೂತಿತ್ತು, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಎರಡು ವಾರದ ಹಿಂದಷ್ಟೇ ಆಗಿತ್ತು. ನಾನು ಸಹಿ ಹಾಕುತ್ತಿರುವಾಗ ಹನ್ನೊಂದು ವರ್ಷದ ಮಗಳು ಮೇಜಿನಾಚೆಯ ಹುಡುಗಿಯನ್ನು, ಇದನ್ನು ನಾವು ಕ್ಯಾಟ್ ಶೋಗೆ ಕರೆದೊಯ್ಯಬಹುದೇ, ಎಂದು ಕೇಳಿಬಿಟ್ಟಳು. ಆ ಹುಡುಗಿ ಪೆನ್ನು ಕೆಳಗಿಟ್ಟು, ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ, ಒಪ್ಪಂದದಲ್ಲಂತೂ ಬೇಡವೆಂದಿಲ್ಲ, ಎಂದಳು. ಒಪ್ಪಂದವನ್ನು ನಾನೂ ಓದಿ ನೋಡಿದೆ. ಉಗುರು ಕೀಳಿಸಬಾರದು, ಸಾಕಲಾಗದಿದ್ದರೆ ಬೇರೆಯವರಿಗೆ ಕೊಡದೆ ಇಲ್ಲಿಗೇ ತರಬೇಕು ಎಂದೆಲ್ಲ ಇತ್ತು. ಸ್ಪರ್ಧೆಯ ಮಾತು ಎಲ್ಲಿಯೂ ಇರಲಿಲ್ಲ.

ಅಂದು ರಾತ್ರಿ ದೊಡ್ಡಬಳ್ಳಾಪುರಕ್ಕೆ ಫೋನ್ ಮಾಡಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಕೆನೆ ಎಂಬ ಹೆಸರನ್ನು ಇಟ್ಟದ್ದು ಅವಳೇ. ಸ್ಪರ್ಧೆಗೆ ಹೋಗಬೇಕಾದರೆ ತಳಿಯ ದಾಖಲೆ ಬೇಕಂತೆ ಎಂದಾಗ, "ಅಯ್ಯೋ, ಬೆಕ್ಕಿಗೂ ತಹಶೀಲ್ದಾರರ ಹತ್ತಿರ ಜಾತಿ ಸರ್ಟಿಫಿಕೇಟು ಮಾಡಿಸಬೇಕೇನೇ?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಾದರೂ ವಿಷಯ ಹೆಚ್ಚುಕಡಿಮೆ ಅದೇ ಆಗಿತ್ತು.

ಅಮೆರಿಕದ ಬೆಕ್ಕಿನ ಪ್ರದರ್ಶನಗಳ ಹಿಂದೆ ದೊಡ್ಡ ನೋಂದಣಿ ಸಂಸ್ಥೆಗಳಿವೆ. 1906ರಲ್ಲಿ ಹುಟ್ಟಿದ ಸಿ.ಎಫ್.ಎ. (ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್) ಅಂಥದೊಂದು, ಅದರ ಮುಖ್ಯ ಕಚೇರಿ ನಮ್ಮ ಓಹಾಯೋದಲ್ಲೇ, ಅಲಯನ್ಸ್ ಎಂಬ ಊರಿನಲ್ಲಿದೆ. 1979ರಲ್ಲಿ ಆರಂಭವಾದ ಟಿ.ಐ.ಸಿ.ಎ. (ದಿ ಇಂಟರ್‌ನ್ಯಾಷನಲ್ ಕ್ಯಾಟ್ ಅಸೋಸಿಯೇಷನ್) ಇನ್ನೊಂದು. ಸಯಾಮೀಸ್ ಎಂದು ಕಣಕ್ಕಿಳಿಯಬೇಕಾದ ಬೆಕ್ಕಿನ ತಂದೆತಾಯಿಗಳು ಇಂಥ ಸಂಸ್ಥೆಯ ತಳಿಪುಸ್ತಕದಲ್ಲಿ ದಾಖಲಾಗಿರಬೇಕು. ನೋಡಲು ಹಾಗಿದೆ ಎಂಬುದು ಸಾಕ್ಷಿಯಾಗುವುದಿಲ್ಲ. ನನ್ನ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳನ್ನು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಡಿಗೆ ನೋಡುತ್ತಿದ್ದರು. ಅವುಗಳ ಅಪ್ಪನ ಹೆಸರು ಬರೆದ ಕಾಗದವನ್ನು ಕೇಳಿದ್ದನ್ನು ನಾನು ಕಂಡಿಲ್ಲ.

ನಮ್ಮ ಪಶುವೈದ್ಯೆ ಉಳಿದ ಆಸೆಯನ್ನೂ ಮೃದುವಾಗಿ ತೆಗೆದುಹಾಕಿದರು. ತಣ್ಣಗಿರುವ ಅಂಗಗಳಲ್ಲಿ ಮಾತ್ರ ಬಣ್ಣ ಗಾಢವಾಗುವ ಈ ವಿನ್ಯಾಸಕ್ಕೆ ಒಂದು ಅಪ್ರಬಲ ಜೀನ್ ಕಾರಣ. ಬಣ್ಣ ತಯಾರಿಸುವ ಕಿಣ್ವ ಮೈಯ ಬೆಚ್ಚಗಿನ ಭಾಗದಲ್ಲಿ ಕೆಲಸ ಮಾಡದೆ, ಕಿವಿ, ಬಾಲ, ಪಾದ, ಮೂತಿಗಳ ತಂಪಿನಲ್ಲಿ ಮಾಡುತ್ತದೆ. ಆ ಜೀನ್ ತಂದೆತಾಯಿ ಇಬ್ಬರಲ್ಲಿಯೂ ಅಡಗಿದ್ದರೆ ಯಾವ ಬೀದಿಬೆಕ್ಕಿನ ಹೊಟ್ಟೆಯಲ್ಲಿಯೂ ಇಂಥ ಮರಿ ಹುಟ್ಟಬಹುದು. ಮಾರ್ಚ್ ತಿಂಗಳ ಹೊತ್ತಿಗೆ ತಂಪಿನ ಮಾತಿಗೆ ಪುರಾವೆಯೆಂಬಂತೆ, ಶಸ್ತ್ರಚಿಕಿತ್ಸೆಗಾಗಿ ಬೋಳಿಸಿದ್ದ ಹೊಟ್ಟೆಯ ಮೇಲೆ ಹೊಸ ಕೂದಲು ಕೆನೆಯ ಬಣ್ಣದಲ್ಲಲ್ಲ, ಬೂದುಬಣ್ಣದಲ್ಲಿ ಬೆಳೆದು ಬಂತು. ಕೂದಲಿಲ್ಲದೆ ಚಳಿ ತಾಗಿದ ಜಾಗವದು. ಮೇಲಾಗಿ, ಕಾಗದವಿದ್ದಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಸಯಾಮೀಸ್ ತಳಿಯ ನಿಯಮದ ಪ್ರಕಾರ ಬಿಳಿಯ ಪಾದವೆಂದರೆ ನೇರ ಅನರ್ಹತೆ. ನಾವು ಮೊದಲು ಮರುಳಾದದ್ದು ಆ ಬಿಳಿಯ ಪಾದಗಳಿಗೇ.

ಉಳಿದ ದಾರಿಯೆಂದರೆ ಮನೆಬೆಕ್ಕುಗಳ ವಿಭಾಗ. ಇದಕ್ಕೆ ತಳಿ ಬೇಡ, ವಂಶವೃಕ್ಷ ಬೇಡ. ಬೆಕ್ಕಿಗೆ ಎಂಟು ತಿಂಗಳು ತುಂಬಿದ್ದರೆ ಸಂತಾನಹರಣ ಆಗಿರಲೇಬೇಕು. ತಳಿಬೆಕ್ಕುಗಳ ಚಾಂಪಿಯನ್‌ಶಿಪ್ ವಿಭಾಗದಲ್ಲಿ ಸಂತಾನಹರಣವಾದ ಬೆಕ್ಕಿಗೆ ಪ್ರವೇಶವಿಲ್ಲ, ಅದಕ್ಕೆ ಬೇರೆಯೇ ವಿಭಾಗವಿದೆ. ಅಲ್ಲಿ ಬಾಗಿಲು ಮುಚ್ಚುವ ಸಂಗತಿಯೇ ಇಲ್ಲಿ ಬಾಗಿಲು ತೆರೆಯುತ್ತದೆ. ಇಲ್ಲಿ ತೀರ್ಪುಗಾರರು ನೋಡುವುದು ಆರೋಗ್ಯ, ಶುಚಿತ್ವ, ಮೈಕಟ್ಟು, ಕಣ್ಣಿಗೆ ಹಿತವಾದ ಬಣ್ಣ, ಮತ್ತು ಮುಖ್ಯವಾಗಿ ಅಪರಿಚಿತರ ಕೈಯಲ್ಲಿ ಬೆಕ್ಕು ಹೇಗಿರುತ್ತದೆ ಎಂಬುದನ್ನು. ಇದನ್ನು ಓದಿ ಮಗಳು ಕುಣಿದಳು, ನಾನು ಚಿಂತೆಗೆ ಬಿದ್ದೆ. ಜಾತಿಪತ್ರ ಕೇಳದ ಈ ವಿಭಾಗ ಕೇಳುತ್ತಿದ್ದದ್ದು, ಶೆಲ್ಟರಿನ ಚೀಟಿಯಲ್ಲಿ ಪೆನ್ನಿನಿಂದ ಬರೆದಿದ್ದ ಅದೊಂದೇ ಕೊರತೆಯನ್ನು.

ಮಂಚದ ಕೆಳಗಿನಿಂದ ಹೊರಬರಲು ಕೆನೆಗೆ ನಮ್ಮಲ್ಲಿ ಇಪ್ಪತ್ತಾರು ದಿನಗಳು ಬೇಕಾದವು. ಆಗಸ್ಟ್ ಹೊತ್ತಿಗೆ ಮನೆಗೆ ಬಂದವರ ಬೂಟನ್ನು ಮೂಸಿ ನೋಡುವಷ್ಟು ಧೈರ್ಯ ಬಂದಿತ್ತು. ಅದನ್ನು ಕಂಡು, ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡಿನ ಆಚೆ ನಡೆಯಲಿದ್ದ ಒಂದು ಸಣ್ಣ ಪ್ರದರ್ಶನಕ್ಕೆ ಹಣ ಕಟ್ಟಿದೆವು.

ಮೂರು ದಿನ ಮೊದಲು ಸ್ನಾನ ಮಾಡಿಸಿದೆವು. ಅದರ ವಿವರ ಬೇಡ, ನನ್ನ ಮುಂಗೈ ಮೇಲಿನ ಗೀರುಗಳು ಮಾಯಲು ವಾರ ಹಿಡಿಯಿತು. ಹಿಂದಿನ ರಾತ್ರಿ ಉಗುರಿನ ತುದಿ ಕತ್ತರಿಸಿದೆವು, ಅದು ನಿಯಮ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು, ಎರಡು ತಾಸಿಗೂ ಮಿಕ್ಕಿದ ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಒಂದೇ ಶ್ರುತಿಯ ಗೋಳನ್ನು ಕೇಳುತ್ತ, ಸಭಾಂಗಣವನ್ನು ಸೇರಿದೆವು. ಸಾಲುಸಾಲಾಗಿ ಮೇಜುಗಳು, ಮೇಜಿನ ಮೇಲೆ ಗೂಡುಗಳು, ಗೂಡುಗಳಿಗೆ ಜರತಾರಿ ಪರದೆಗಳು. ನಮ್ಮ ಪರದೆ ಅಮ್ಮನ ಹಳೆಯ ಇಳಕಲ್ ಸೀರೆಯದು. ಪಕ್ಕದವರು ಅದರ ಸೆರಗನ್ನು ಮುಟ್ಟಿ ನೋಡಿ, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಬೆಕ್ಕಿನ ಬಗ್ಗೆ ಏನೂ ಕೇಳಲಿಲ್ಲ, ಏಕೆಂದರೆ ಅದು ಆ ಸೀರೆಯ ಹಿಂದೆ ಕಾಣದಂತೆ ಮುದುಡಿತ್ತು.

ಪ್ರತಿ ತೀರ್ಪುಗಾರರಿಗೂ ಒಂದೊಂದು ರಿಂಗ್, ಎಂದರೆ ತೀರ್ಪಿನ ಕಣ. ಒಂದು ರಿಂಗಿನ ತೀರ್ಪಿಗೂ ಮತ್ತೊಂದಕ್ಕೂ ಸಂಬಂಧವಿಲ್ಲ. ಧ್ವನಿವರ್ಧಕದಲ್ಲಿ ನಮ್ಮ ಸಂಖ್ಯೆ ಕೂಗಿದೊಡನೆ ಬೆಕ್ಕನ್ನೆತ್ತಿಕೊಂಡು ಹೋಗಿ ಆ ಸಂಖ್ಯೆಯ ಗೂಡಿನಲ್ಲಿ ಬಿಟ್ಟು ಬರಬೇಕು, ಮತ್ತೆ ಮಾಲೀಕರು ಎದುರಿನ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂರಬೇಕು. ಪ್ರತಿ ಬೆಕ್ಕಿನ ನಂತರವೂ ಮೇಜನ್ನೂ ಕೈಯನ್ನೂ ಸೋಂಕುನಾಶಕದಿಂದ ಒರೆಸುತ್ತಾರೆ. ಮನೆಬೆಕ್ಕುಗಳು ಅಂದು ಹದಿನಾಲ್ಕಿದ್ದವು; ಒಂದಕ್ಕೆ ಒಂದೇ ಕಣ್ಣು, ಇನ್ನೊಂದಕ್ಕೆ ಮೂರೇ ಕಾಲು. ಮೂರು ಕಾಲಿನದು ತೀರ್ಪುಗಾರರು ಆಡಿಸುವ ಹಕ್ಕಿಗರಿಯ ಕಡ್ಡಿಗೆ ಹಾರಿದಾಗ ಇಡೀ ರಿಂಗ್ ಚಪ್ಪಾಳೆ ತಟ್ಟಿತು.

ಮೊದಲ ರಿಂಗಿನಲ್ಲಿ ಕೆನೆ ತೀರ್ಪುಗಾರ್ತಿಯ ಮೊಣಕೈ ಸಂದಿಯಲ್ಲಿ ಮುಖ ಹುದುಗಿಸಿ ಮರಗಟ್ಟಿ ನಿಂತಿತು. ಎರಡನೆಯದರಲ್ಲಿ ಬುಸ್ಸೆಂದಿತು, ಅವರು ತಕ್ಷಣ ಕೈ ಸಡಿಲಿಸಿ, ಮೆಲ್ಲನೆ ಗೂಡಿಗೆ ಹಿಂದಿರುಗಿಸಿದರು. ಮಗಳು ನನ್ನ ಕಡೆ ನೋಡಲಿಲ್ಲ. ಮೂರನೆಯ ರಿಂಗಿನ ವಯಸ್ಸಾದ ತೀರ್ಪುಗಾರರು ಗರಿಯ ಕಡ್ಡಿಯನ್ನು ಪಕ್ಕಕ್ಕಿಟ್ಟು, ಬೆಕ್ಕನ್ನು ಜನರ ಕಡೆಗೆ ಬೆನ್ನಾಗುವಂತೆ ಇಳಿಸಿ, ಅದರ ಮುಂದೆ ತಮ್ಮ ಅಂಗೈಯನ್ನು ಮೇಲ್ಮುಖವಾಗಿಟ್ಟು ಸುಮ್ಮನಾದರು. ಕೆನೆ ಅಂಗೈ ಮೂಸಿತು, ಬಳಿಕ ಒಮ್ಮೆ ಕತ್ತು ಹೊರಳಿಸಿ ಸಭೆಯನ್ನು ನೋಡಿತು. ಮುಂಗಾಲಡಿ ಕೈಯಿಟ್ಟು ಎತ್ತಿದಾಗ ಹೊಟ್ಟೆಯ ಬೂದು ಪಟ್ಟೆ ಕಂಡು, ಚಳಿಗಾಲದ ಶಸ್ತ್ರಚಿಕಿತ್ಸೆ ಅಲ್ಲವೇ, ಎಂದು ನಕ್ಕರು. ಹದಿನಾಲ್ಕರಲ್ಲಿ ಒಂಬತ್ತನೆಯ ಸ್ಥಾನ ಕೊಟ್ಟರು.

ನಾಲ್ಕನೆಯ ರಿಂಗಿಗೆ ಕರೆ ಬರುವ ಮೊದಲು ಮಗಳು, "ಅಮ್ಮಾ, ಸಾಕು, ಕೈ ಹಾಕಿದರೆ ಇನ್ನೂ ನಡುಗುತ್ತಿದೆ" ಎಂದಳು. ಒಂಬತ್ತನೆಯ ಸ್ಥಾನದ ಹುರುಪಿನಲ್ಲಿದ್ದವಳು ನಾನು. ಇನ್ನೊಂದನ್ನು ನೋಡಿಬಿಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಒಪ್ಪಿಕೊಳ್ಳಬೇಕು. ಗುಮಾಸ್ತೆಗೆ ಹೇಳಿ, ಗೈರುಹಾಜರಿ ಬರೆಸಿ, ಸೀರೆ ಬಿಚ್ಚಿಕೊಂಡು ಹೊರಟೆವು.

ರಾತ್ರಿ ಅಮ್ಮ ಕೇಳಿದ್ದು ಎರಡೇ ಪ್ರಶ್ನೆ: ಬೆಕ್ಕು ಊಟ ಮಾಡಿತೇ, ಸೀರೆಗೆ ಉಗುರು ತಾಗಿತೇ. ಬೆಕ್ಕು ಊಟ ಮಾಡಿರಲಿಲ್ಲ, ಮಂಚದ ಕೆಳಗೆ ಸೇರಿತ್ತು. ಮಾರನೆಯ ದಿನ ಸಂಜೆಗೆ ಹೊರಬಂತು. ಮುಂದಿನ ಪ್ರದರ್ಶನದ ಅರ್ಜಿ ಬಂದಿದೆ, ತುಂಬಿಲ್ಲ. ಒಯ್ಯುವ ಬುಟ್ಟಿಯನ್ನು ಮಗಳು ಹಾಲ್‌ನ ಮೂಲೆಯಲ್ಲಿ ಬಾಗಿಲು ತೆರೆದಿಟ್ಟಿದ್ದಾಳೆ. ಅದು ತಾನಾಗಿ ಅದರೊಳಗೆ ಹೋಗಿ ಮಲಗುವವರೆಗೆ ಅರ್ಜಿಯ ಮಾತೆತ್ತಬಾರದೆಂಬುದು ಅವಳ ಷರತ್ತು. ಈವರೆಗೆ ಎರಡು ಬಾರಿ ಮಲಗಿದೆ; ಎರಡು ಬಾರಿಯೂ ಬಾಲವನ್ನು ಹೊರಗೆ ಬಿಟ್ಟುಕೊಂಡು.