ಕೌದಿ ಹೊಲಿಯುತ್ತಾ ಕೇಳಿದ 30 ತಾಸಿನ ಕಥೆ

ಈ ಬೇಸಿಗೆಯಲ್ಲಿ ಎರಡು ಕೆಲಸ ಒಟ್ಟಿಗೆ ಹಿಡಿದೆ. ಒಂದು, ಅವ್ವನ ಹಳೆಯ ಸೀರೆಗಳಿಂದ ಕೌದಿ ಹೊಲಿಯುವುದು. ಇನ್ನೊಂದು, ಹೊಲಿಯುವಾಗ ರಾಬರ್ಟ್ ಜೋರ್ಡನ್ ಅವರ ‘ದಿ ಐ ಆಫ್ ದ ವರ್ಲ್ಡ್’ ಆಡಿಯೋಬುಕ್ ಕೇಳುವುದು. 1990ರಲ್ಲಿ ಬಂದ ಫ್ಯಾಂಟಸಿ ಕಾದಂಬರಿ, 14 ಭಾಗಗಳ ಸರಣಿಯಲ್ಲಿ ಮೊದಲನೆಯದು. ಪೂರ್ತಿ ಕೇಳಲು ಸುಮಾರು 30 ತಾಸು ಬೇಕು. ಕಲಬುರಗಿಯ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಊಟ ಮುಗಿಸಿ, ಬಾಗಿಲು ಮುಂದೆ ಮಾಡಿ, ಶಹಾಬಾದಿ ಕಲ್ಲಿನ ನೆಲದ ಮೇಲೆ ಕೌದಿ ಹಾಸಿ ಕೂತರೆ ದಿನಾ ಎರಡು ತಾಸು ಸಿಗುತ್ತದೆ.

4 ತಾಸು, ಎರಡು ಸುತ್ತು ಹೊಲಿಗೆ.
ಕಥೆಯಲ್ಲಿ ವಸಂತ ಬರಬೇಕಾದ ಹೊತ್ತು, ಆದರೆ ಚಳಿಗಾಲ ಬಿಟ್ಟು ಹೋಗಲೊಲ್ಲದು. ಸೆಕೆಯಲ್ಲಿ ಕೂತು ಅದನ್ನು ಕೇಳುವುದೇ ಒಂದು ಸುಖ. ಮೂಲೆ ಹಳ್ಳಿಯ ಹುಡುಗ ರ‍್ಯಾಂಡ್. ಅವನ ಬೆನ್ನು ಬಿದ್ದ ಕಪ್ಪು ಬಟ್ಟೆಯ ಕುದುರೆ ಸವಾರ. ಎಲ್ಲ ಗೊತ್ತಿದ್ದೂ ಅರ್ಧವೇ ಹೇಳುವ ಮಂತ್ರಶಕ್ತಿಯ ಹೆಂಗಸು, ಅವಳ ಪಕ್ಕ ಮಾತು ಕಡಿಮೆಯ ಕತ್ತಿವೀರ. ಇಂಥದ್ದನ್ನು ಎಷ್ಟು ಕಡೆ ನೋಡಿಲ್ಲ? ಯಾರು ಏನಾಗುತ್ತಾರೆ ಅಂತ ಎರಡನೇ ತಾಸಿಗೇ ಅಂದಾಜು ಸಿಕ್ಕಿತು.

ಆದರೂ ಒಂದು ರಾತ್ರಿಯ ಭಾಗ ನನ್ನನ್ನು ಹಿಡಿದು ಕೂರಿಸಿತು. ರಾಕ್ಷಸರಂಥ ಟ್ರಾಲಕ್‌ಗಳು ಹೊಲದ ಮನೆಗೆ ನುಗ್ಗುತ್ತವೆ. ಅಪ್ಪನಿಗೆ ಗಾಯ, ಮೈಯೆಲ್ಲ ಜ್ವರ. ರ‍್ಯಾಂಡ್ ಅವನನ್ನು ಕಟ್ಟಿಗೆಗೆ ಕಂಬಳಿ ಕಟ್ಟಿದ ಹಾಸಿನ ಮೇಲೆ ಮಲಗಿಸಿ, ಕತ್ತಲ ಕಾಡಿನಲ್ಲಿ ಊರ ತನಕ ಎಳೆಯುತ್ತಾನೆ. ಓದುತ್ತಿದ್ದರೆ ನಾನು ಎರಡು ಪುಟ ಹಾರಿಸಿಬಿಡುತ್ತಿದ್ದೆ, ಅಪ್ಪ ಊರು ಮುಟ್ಟೇ ಮುಟ್ಟುತ್ತಾನೆ ಅಂತ ಗೊತ್ತಲ್ವಾ. ಕಿವಿಗೆ ಹಾರಿಸಲು ಬರುವುದಿಲ್ಲ. ಅವನು ಎಳೆದಷ್ಟು ಹೊತ್ತು ನಾನೂ ಎಳೆದೆ.

ಅಪ್ಪ ಜ್ವರದಲ್ಲಿ ಬಡಬಡಿಸುತ್ತಾ, ಬೆಟ್ಟದ ಹಿಮದಲ್ಲಿ ಸಿಕ್ಕ ಕೂಸಿನ ಮಾತು ಆಡುತ್ತಾನೆ. ಸಂಜೆ ರೊಟ್ಟಿ ಬಡಿಯುವಾಗ ಅವ್ವನಿಗೆ ಇದನ್ನು ಹೇಳಿದೆ. “ಇದು ನಮ್ಮ ಕರ್ಣನ ಕಥಿನೇ ಅದ ನೋಡು” ಅಂದಳು. ಅಂದವಳು ಸುಮ್ಮನಾಗಲಿಲ್ಲ. “ಮುಂದ?” ಅಂತ ಕೇಳಿದಳು. ಅಂದಿನಿಂದ ದಿನಾ ಸಂಜೆ ಕಥೆ ಹೇಳುವ ಕೆಲಸವೂ ಸೇರಿತು.

9 ತಾಸು, ಐದು ಸುತ್ತು.
ಹೆಸರುಗಳು ಜಾಸ್ತಿ. ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡೆ. ವೇಗ 0.9ಕ್ಕೆ ಇಳಿಸಿದ ಮೇಲೆ ಇಂಗ್ಲಿಷ್ ಸಲೀಸಾಯಿತು. ಪಾಳುಬಿದ್ದ ಶಾಪದ ಊರಿನ ಭಾಗ ಬರುವಾಗ ನಿದ್ದೆ ಹತ್ತಿಬಿಟ್ಟಿತು. ಎದ್ದಾಗ ರ‍್ಯಾಂಡ್ ಜೊತೆ ಊರು ಬಿಟ್ಟು ಹೊರಟಿದ್ದವರೆಲ್ಲ ಚದುರಿ ಹೋಗಿದ್ದರು. ಮರುದಿನ ಹಿಂದಕ್ಕೆ ಹೋಗಿ ಪೂರ್ತಿ ಕೇಳಿದೆ. ಬಿಡಬಾರದ ಭಾಗ ಅದು.

ಈ ಪುಸ್ತಕಕ್ಕೆ ಇಬ್ಬರ ದನಿ ಇದೆ. ಮೈಕೆಲ್ ಕ್ರಾಮರ್ ಮತ್ತು ಕೇಟ್ ರೀಡಿಂಗ್, ಗಂಡ ಹೆಂಡತಿ. ಗಂಡಸಿನ ಕಣ್ಣಿನಿಂದ ನಡೆಯುವ ಅಧ್ಯಾಯ ಅವರದು, ಹೆಂಗಸಿನ ಕಣ್ಣಿನದು ಇವರದು. ಬಹಳ ಹೊತ್ತು ಗಂಡುದನಿಯನ್ನೇ ಕೇಳಿದ ಮೇಲೆ ನೈನೀವ್ ಭಾಗದಲ್ಲಿ ಹೆಣ್ಣುದನಿ ಬಂದಾಗ ನನ್ನ ಸೂಜಿ ನಿಂತಿತು. ಊರಿಗೆ ಮದ್ದು ಕೊಡುವವಳು ಅವಳು. ತನ್ನ ಊರಿನ ಮಕ್ಕಳನ್ನು ಹುಡುಕಿಕೊಂಡು, ಹೆಜ್ಜೆ ಗುರುತು ಹಿಡಿದು ಬಂದಿದ್ದಾಳೆ. ಅವಳ ಸಿಟ್ಟಿನ ಒಳಗಿನ ಅಂಜಿಕೆ ಆ ದನಿಯಲ್ಲಿ ಕೇಳಿಸಿತು.

18 ತಾಸು, ಹನ್ನೊಂದು ಸುತ್ತು. ಹಸಿರು ಇಳಕಲ್ ಸೀರೆಯ ತುಂಡು ಮುಗಿಯಿತು.
ಥಾಮ್ ಅಂತ ಊರೂರು ತಿರುಗುವ ಮುದುಕ ಕಥೆಗಾರ ಇದ್ದಾನೆ. ಅವನ ಮೇಲಂಗಿಯ ತುಂಬ ಬಣ್ಣಬಣ್ಣದ ತೇಪೆ. “ಕೌದಿ ಹೊತ್ಕೊಂಡು ತಿರಗತಾನೇನು?” ಅಂತ ಅವ್ವ ಕೇಳಿದಳು. ಚಿಕ್ಕಂದಿನಲ್ಲಿ ಮನೆ ಮುಂದೆ ಬರುತ್ತಿದ್ದ ಕಿನ್ನರಿ ಜೋಗಿಯ ನೆನಪು ಅವಳಿಗೆ. ಅವನ ಭಾಗ ಬಂದರೆ ಎರಡೆರಡು ಸಲ ಹೇಳಿಸುತ್ತಾಳೆ.

ವೈಟ್‌ಬ್ರಿಜ್ ಊರಿನಲ್ಲಿ ಆ ಕಪ್ಪು ಸವಾರರ ಜಾತಿಯವನೊಬ್ಬ ಎದುರಾಗುತ್ತಾನೆ. ಥಾಮ್ ತನ್ನ ಕೊಳಲು, ಹಾರ್ಪ್ ಇದ್ದ ಗಂಟನ್ನು ಆ ಮೇಲಂಗಿಯ ಸಮೇತ ರ‍್ಯಾಂಡ್ ಕೈಗೆ ಕೊಟ್ಟು, ಹುಡುಗರಿಗೆ ಓಡಲು ಹೇಳಿ, ತಾನು ಚಾಕು ಹಿಡಿದು ಅವನ ಮೇಲೆ ಬೀಳುತ್ತಾನೆ. ಇದನ್ನು ಹೇಳಲು ನನಗೇ ಗಂಟಲು ಕಟ್ಟಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಮುಂದಿನ ದಾರಿ. ರ‍್ಯಾಂಡ್ ಅದೇ ಕೊಳಲು ಊದುತ್ತಾನೆ, ಗೆಳೆಯ ಮ್ಯಾಟ್ ಚೆಂಡು ಹಾರಿಸಿ ಆಟ ತೋರಿಸುತ್ತಾನೆ. ಅಷ್ಟಕ್ಕೆ ವಸತಿಮನೆಯವರು ಊಟ ಕೊಟ್ಟು, ಒಂದು ರಾತ್ರಿ ಮಲಗಲು ಜಾಗ ಕೊಡುತ್ತಾರೆ. ಯಾರನ್ನು ನಂಬುವುದು, ಯಾರನ್ನು ಬಿಡುವುದು ಗೊತ್ತಿಲ್ಲ. ಇಲ್ಲಿ ಲೋಕ ಉಳಿಸುವ ಮಾತೇ ಇಲ್ಲ. ಹಸಿದ ಇಬ್ಬರು ಹುಡುಗರು, ಉದ್ದನೆಯ ರಸ್ತೆ, ಅಷ್ಟೇ. ಇದಕ್ಕೆ ಹೋಲಿಸಿದರೆ, ಕಥೆಯಲ್ಲಿ ಹುಡುಗರಿಗೆ ಪದೇ ಪದೇ ಬೀಳುವ ಕೆಟ್ಟ ಕನಸುಗಳು ನನಗೆ ಬೇಸರ ತಂದವು.

30 ತಾಸು, ಹದಿನೇಳು ಸುತ್ತು.
ಮುಗಿಯಿತು. ಕೊನೆ ಮಾತ್ರ ಅವಸರದ್ದು. ಅಷ್ಟು ನಿಧಾನ ನಡೆಸಿಕೊಂಡು ಬಂದವರು ದೊಡ್ಡ ಕಾಳಗವನ್ನು ಬೇಗ ಬೇಗ ಮುಗಿಸಿದ್ದಾರೆ. ಜೋರ್ಡನ್ 2007ರಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಭಾಗ ಬರೆದರು. 2013ಕ್ಕೆ ಸರಣಿ ಪೂರ್ತಿಯಾಯಿತು. 14 ಭಾಗ ಅಂದರೆ ಎಷ್ಟು ಕೌದಿ ಆಗಬಹುದು ಅಂತ ಲೆಕ್ಕ ಹಾಕಿಲ್ಲ.

ಕೌದಿಯ ನಡುಭಾಗ ಇನ್ನೂ ಬಾಕಿ. ಎರಡನೆಯ ಭಾಗ ‘ದ ಗ್ರೇಟ್ ಹಂಟ್’ ಸೋಮವಾರ ಶುರು ಮಾಡುತ್ತೇನೆ. ನಿನ್ನೆ ಮಾಳಿಗೆ ಮೇಲೆ ಹಾಸಿಗೆ ಹಾಸುವಾಗ ಅವ್ವ ಮತ್ತೆ ಕೇಳಿದಳು, “ಆ ಕೌದಿ ಮುದುಕ ಸತ್ತನೇನು?” ಗೊತ್ತಿಲ್ಲ ಯವ್ವಾ, ಹೆಣ ಯಾರೂ ನೋಡಿಲ್ಲ ಅಂದೆ. “ಹಂಗಾದ್ರ ಬದುಕ್ಯಾನ” ಅಂದಳು.