ರಿಪ್ಲೇಸ್‌ಮೆಂಟ್ಸ್ ಶೋ ಅಂದ್ರೆ ಲಾಟ್ರಿ

ಮೂರ್ ದಿನದಿಂದ ರಿಪ್ಲೇಸ್‌ಮೆಂಟ್ಸ್ ಅನ್ನೋ ರಾಕ್ ಬ್ಯಾಂಡ್‌ದೇ ಹುಚ್ಚು. ಅಮೆರಿಕಾದ ಮಿನಿಯಾಪೊಲಿಸ್‌ನವ್ರು, 1979ರಲ್ಲಿ ಶುರುವಾಗಿದ್ದು, ಬಾಸ್ ಗಿಟಾರ್ ಬಾರಿಸ್ತಿದ್ದ ಟಾಮಿ ಸ್ಟಿನ್ಸನ್ ಆವಾಗಿನ್ನೂ ಸ್ಕೂಲ್ ಹುಡ್ಗ!

ಇವ್ರ ಶೋ ನೋಡಿದ ಫ್ಯಾನ್ಸ್ ಕಥೆ ಕೇಳಿದ್ರೆ ಎರಡು ಬೇರೆ ಬೇರೆ ಬ್ಯಾಂಡ್ ಇತ್ತೇನೋ ಅನ್ಸುತ್ತೆ, ಒಬ್ರು ಜೀವನದಲ್ಲೇ ಅಂಥ ಶೋ ನೋಡಿಲ್ಲ ಅಂತಾರೆ, ಇನ್ನೊಬ್ರು ಕಂಠಪೂರ್ತಿ ಕುಡ್ಕೊಂಡ್ ಬಂದು ಕಂಡೋರ ಹಾಡೆಲ್ಲ ಅರ್ಧರ್ಧ ಬಾರಿಸಿ ಬಿಟ್ರು ಅಂತ ಬೈತಾರೆ. ಇಬ್ರೂ ಸುಳ್ಳು ಹೇಳ್ತಿಲ್ಲ. 1984ರಲ್ಲಿ ಒಕ್ಲಹೋಮಾ ಸಿಟಿಲಿ ಹಂಗೇ ಒಂದು ಶೋ, ಯಾರೋ ಕದ್ದು ರೆಕಾರ್ಡ್ ಮಾಡ್ತಿದ್ದ ಟೇಪನ್ನ ಬ್ಯಾಂಡ್ ಕಡೆಯವ್ರೇ ಕಿತ್ಕೊಂಡು ಮರುವರ್ಷ ಅದನ್ನೇ ಕ್ಯಾಸೆಟ್ ಮಾಡಿ ಮಾರಿದ್ರು, ಎಂಥ ಭಂಡ ಧೈರ್ಯ ನೋಡಿ! (ನಮ್ಮೂರ್ ಜಾತ್ರೆ ಆರ್ಕೆಸ್ಟ್ರಾದವ್ರು ಹಿಂಗ್ ಮಾಡಿದ್ರೆ ಕುರ್ಚಿ ಹಾರ್ತಿದ್ವು.) ನಂಗೇನೋ ಆ ಟೇಪ್ ಇಷ್ಟ, ಆದ್ರೆ ದುಡ್ ಕೊಟ್ಟು ಆ ರಾತ್ರಿ ಅಲ್ಲಿ ನಿಂತಿದ್ರೆ ನಾನೂ ಬೈತಿದ್ದೆ ಬಿಡಿ.

1991 ಜುಲೈ 4ಕ್ಕೆ ಚಿಕಾಗೋದ ಗ್ರಾಂಟ್ ಪಾರ್ಕ್‌ನಲ್ಲಿ ಬ್ಯಾಂಡ್ ಮುಗೀತು, ಅಲ್ಲೂ ಒಬ್ಬೊಬ್ರೇ ವಾದ್ಯಗಳನ್ನ ಸಾಮಾನು ಹೊರೋ ಹುಡುಗ್ರ ಕೈಗೆ ಕೊಟ್ಟು ಎದ್ದೋದ್ರು. ಮತ್ತೆ ಸ್ಟೇಜ್ ಹತ್ತಿದ್ದು 2013ರಲ್ಲಿ, ಟೊರಾಂಟೋದಲ್ಲಿ. ಆ ರೆಕಾರ್ಡಿಂಗ್ ಇವತ್ತು ರಾತ್ರಿಗೆ ಇಟ್ಕೊಂಡಿದೀನಿ.